ಚಿನ್ನ ಮುಗಿದ ಊರುಗಳು: ಗ್ವಾಲಿಯಾ, ಕೂಲ್ಗಾರ್ಡಿ, ಆರ್ಲ್ಟುಂಗ, ವಾಲ್ಹಲ್ಲಾ, ಹಿಲ್ ಎಂಡ್. ನಿಮಗೆ ಯಾವುದು?

ಆಸ್ಟ್ರೇಲಿಯಾದಲ್ಲಿರುವ ನಮ್ಮವರು, ಮಕ್ಕಳನ್ನು ನೋಡಲು ಇಲ್ಲಿಂದ ಹೋಗುವ ಅಪ್ಪ ಅಮ್ಮಂದಿರು, ಇಬ್ಬರೂ ಕೇಳುವ ಪ್ರಶ್ನೆ ಒಂದಿದೆ. ಗಣಿ ಮುಚ್ಚಿ ಜನ ಬಿಟ್ಟುಹೋದ ಚಿನ್ನದ ಊರೊಂದನ್ನು ನೋಡಬೇಕು, ಇರುವುದು ಒಂದೇ ರಜೆ, ಯಾವುದಕ್ಕೆ ಹೋಗೋಣ? ನಮ್ಮ ಕಂದಾಯ ದಾಖಲೆಗಳಲ್ಲಿ ಜನವಸತಿ ಇಲ್ಲದ ಹಳ್ಳಿಗೆ ಬೇಚರಾಕ್ ಅನ್ನುತ್ತಾರಲ್ವಾ, ಅಂಥ ಊರುಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಹೋಗಿ ನೋಡುವಷ್ಟು ಚೆನ್ನಾಗಿ ಉಳಿಸಿಕೊಂಡವು ಕಡಿಮೆ.

ಕೋಲಾರದ ಕಡೆಯವರಿಗೆ ಈ ಆಸೆ ಸ್ವಲ್ಪ ಜಾಸ್ತಿ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿ ಜನ ಇನ್ನೂ ಇದ್ದಾರೆ, ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಹಾಗಾಗಿ ಅದನ್ನು ಪಾಳು ಊರು ಅನ್ನುವುದು ತಪ್ಪು. ಆದರೆ ಲೈನ್ ಮನೆಗಳ ತಗಡು, ನಿಂತುಹೋದ ಶಾಫ್ಟು (ಗಣಿಗೆ ಇಳಿಯುವ ಬಾವಿ), ಸೈನೈಡ್ ದಿಬ್ಬ ನೋಡಿ ಬೆಳೆದವರಿಗೆ ಆಸ್ಟ್ರೇಲಿಯಾದ ಈ ಊರುಗಳು ಅಪರಿಚಿತ ಅನ್ನಿಸುವುದಿಲ್ಲ.

ಮೊದಲು ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಿ

ನೀವು ಎಲ್ಲಿ ಇಳಿಯುತ್ತೀರಿ ಅನ್ನುವುದು ಮೊದಲನೆಯದು. ಭೂಪಟದಲ್ಲಿ ಹತ್ತಿರ ಕಂಡದ್ದು ನೆಲದ ಮೇಲೆ ದೂರ ಇರುತ್ತದೆ. ಪರ್ತ್‌ನಿಂದ ಸಿಡ್ನಿಗೆ ವಿಮಾನದಲ್ಲೇ ಸುಮಾರು ನಾಲ್ಕು ಗಂಟೆ. ಸಿಡ್ನಿಯಲ್ಲಿ ನೆಂಟರಿದ್ದಾರೆ, ಹಾಗೇ ಪರ್ತ್ ಕಡೆಯ ಗ್ವಾಲಿಯಾಕ್ಕೂ ಹೋಗಿಬರೋಣ ಅಂದುಕೊಂಡರೆ ರಜೆಯೆಲ್ಲಾ ದಾರಿಯಲ್ಲೇ ಮುಗಿಯುತ್ತದೆ.

ಎರಡನೆಯದು, ನಿಮಗೆ ಏನನ್ನು ನೋಡುವ ಆಸೆ? ಇದನ್ನು ಯೋಚಿಸದೆ ಹೊರಟವರೇ ಬೇಜಾರು ಮಾಡಿಕೊಂಡು ವಾಪಸ್ಸಾಗುವುದು. ಕೆಲವು ಊರಲ್ಲಿ ಜನರ ಮನೆ, ಮಂಚ, ಒಲೆ ಎಲ್ಲಾ ಉಳಿದಿವೆ. ಕೆಲವು ಕಡೆ ಬರೀ ಕಲ್ಲಿನ ಗೋಡೆ. ಇನ್ನು ಕೆಲವು ಕಡೆ ಏನೂ ಇಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪಟ್ಟಣ ಕಲ್ಗೂರ್ಲಿಯ ಪಕ್ಕದಲ್ಲಿರುವ ಕನೌನಾದಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಈಗ ಅಲ್ಲಿ ಕೆಂಪು ಮಣ್ಣು, ಕುರುಚಲು ಗಿಡ, ಇಲ್ಲಿ ಇಂಥದ್ದಿತ್ತು ಅನ್ನುವ ಫಲಕ, ಅಷ್ಟೇ.

ಮೂರನೆಯದು, ಗಣಿಯೊಳಗೆ ಇಳಿಯಲೇಬೇಕಾ ಅಥವಾ ಮೇಲಿನ ಊರು ನೋಡಿದರೆ ಸಾಕಾ. ನಾಲ್ಕನೆಯದು, ಜೊತೆಗೆ ಯಾರಿದ್ದಾರೆ ಮತ್ತು ಯಾವ ತಿಂಗಳು. ಮಂಡಿನೋವಿನ ಅಮ್ಮ, ಮೂರು ವರ್ಷದ ಮಗು, ಜನವರಿಯ ಬಿಸಿಲು (ಅಲ್ಲಿ ಆಗ ಬೇಸಿಗೆ) ಮೂರೂ ಒಟ್ಟಿಗೆ ಇದ್ದರೆ ಒಳನಾಡಿನ ಆಸೆ ಈ ವರ್ಷಕ್ಕೆ ಬಿಟ್ಟುಬಿಡಿ.

ದುಡ್ಡಿನ ವಿಷಯ ಬೇರೆ ಪಟ್ಟಿಯಾಗಿ ಬರೆಯುತ್ತಿಲ್ಲ. ಯಾಕೆಂದರೆ ಈ ಊರುಗಳ ಒಳಗೆ ಹೋಗಲು ಖರ್ಚು ತೀರಾ ಕಡಿಮೆ. ನಿಜವಾದ ಖರ್ಚು ಕಾರು ಬಾಡಿಗೆ, ಪೆಟ್ರೋಲು, ರಾತ್ರಿ ತಂಗುವುದು. ಅಂದರೆ ದೂರ ಹೆಚ್ಚಿದಷ್ಟೂ ಬಜೆಟ್ ಹೆಚ್ಚು.

ಗ್ವಾಲಿಯಾ: ಜನ ಎದ್ದುಹೋದ ಹಾಗೇ ಇರುವ ಊರು

ಪರ್ತ್‌ನಿಂದ ಕಲ್ಗೂರ್ಲಿಗೆ ಸುಮಾರು 595 ಕಿಲೋಮೀಟರ್. ಅಲ್ಲಿಂದ ಉತ್ತರಕ್ಕೆ ಇನ್ನೂ 235. ದಾರಿಯುದ್ದಕ್ಕೂ ಡಾಂಬರು ರಸ್ತೆ, ಮಾಮೂಲಿ ಕಾರು ಸಾಕು. ಆದರೆ ಒಂದೇ ದಿನಕ್ಕೆ ಎಲ್ಲಾ ಓಡಿಸಬೇಡಿ.

1896ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಹುಡುಕಾಟಕ್ಕೆ ದುಡ್ಡು ಹಾಕಿದವರು ವೇಲ್ಸ್ ಮೂಲದವರು. ವೇಲ್ಸ್‌ಗೆ ಕವಿಗಳು ಇಟ್ಟ ಹಳೆಯ ಹೆಸರು ಗ್ವಾಲಿಯಾ. ಅದಕ್ಕೇ ಗಣಿಯ ಹೆಸರು 'ಸನ್ಸ್ ಆಫ್ ಗ್ವಾಲಿಯಾ'. ಲಂಡನ್ನಿನ ಬೆವಿಕ್ ಮೋರಿಂಗ್ ಕಂಪನಿಯ ಪರವಾಗಿ ಬಂದ ಒಬ್ಬ ಅಮೆರಿಕನ್ ಎಂಜಿನಿಯರ್ ಇದನ್ನು ಕೊಳ್ಳಿ ಎಂದು ಸಲಹೆ ಕೊಟ್ಟ, 1898ರಲ್ಲಿ ತಾನೇ ಮ್ಯಾನೇಜರೂ ಆದ. ಆಗ ಅವನಿಗೆ 23 ವರ್ಷ. ಹೆಸರು ಹರ್ಬರ್ಟ್ ಹೂವರ್. ಮೂವತ್ತೊಂದು ವರ್ಷದ ನಂತರ ಅಮೆರಿಕದ ಅಧ್ಯಕ್ಷನಾದ ಅದೇ ಹೂವರ್. ಗುಡ್ಡದ ಮೇಲೆ ಮ್ಯಾನೇಜರನಿಗೆ ಅಂತ ಮನೆ ಕಟ್ಟಿಸಲು ಶುರು ಮಾಡಿದ, ಅದು ಮುಗಿಯುವ ಹೊತ್ತಿಗೆ ಚೀನಾಕ್ಕೆ ಹೊರಟುಹೋಗಿದ್ದ. ಆ ಮನೆ ಈಗ ಅತಿಥಿಗೃಹ. ಕೆಲವೇ ಕೋಣೆ, ಮುಂಚೆಯೇ ಕಾದಿರಿಸಬೇಕು.

ಗಣಿ ಮುಚ್ಚಿದ್ದು 1963ರ ಡಿಸೆಂಬರ್ ಕೊನೆಯಲ್ಲಿ. ಸಾವಿರಕ್ಕೂ ಹೆಚ್ಚು ಜನರಿದ್ದ ಊರಿನಲ್ಲಿ ಮೂರೇ ವಾರದಲ್ಲಿ ಸುಮಾರು 40 ಜನ ಉಳಿದರು. ಕ್ರಿಸ್‌ಮಸ್ ಕಳೆದ ಕೂಡಲೇ ಕೆಲಸ ಹೋಗಿ, ಕೈಗೆ ಸಿಕ್ಕಷ್ಟು ಕಟ್ಟಿಕೊಂಡು ಹೊರಟವರು ಅವರು. ಮಂಚ, ಬೀರು, ಕಟ್ಟಿಗೆ ಒಲೆ ಹೊತ್ತು ಒಯ್ಯುವ ಸಾಮಾನಲ್ಲ. ಬಿಟ್ಟುಹೋದರು. ಈ ಅವಸರವೇ ಗ್ವಾಲಿಯಾ ಉಳಿದ ರೀತಿಗೆ ಕಾರಣ.

ಅಲ್ಲಿನ ಒಂದು ಮನೆಯೊಳಗೆ ನಿಧಾನವಾಗಿ ಹೋಗಿ ನೋಡಿ. ಹೊರಗಡೆ ಗೆರೆಗೆರೆ ತಗಡಿನ ಶೀಟು, ಒಳಗೆ ಸುತ್ತ ಗೋಣಿತಟ್ಟಿನ ಗೋಡೆ. ಗೋಣಿಯನ್ನು ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆದು ಮೇಲೆ ಸುಣ್ಣ ಬಳಿದಿದ್ದಾರೆ. ಸುಣ್ಣ ಉದುರಿದ ಕಡೆ ಗೋಣಿಯ ಎಳೆ ಕಾಣುತ್ತದೆ. ಕೈ ಚಾಚಿದರೆ ಮುಟ್ಟುವಷ್ಟು ತಗ್ಗಿನ ಸೂರು. ನಲವತ್ತು ಡಿಗ್ರಿ ಬಿಸಿಲಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಹಗಲಲ್ಲಿ ಈ ತಗಡಿನ ಕೆಳಗೆ ಮಲಗುತ್ತಿದ್ದರು. ಇವರಲ್ಲಿ ಇಟಲಿಯಿಂದ, ಈಗಿನ ಕ್ರೊಯೇಷಿಯಾ ಕಡೆಯಿಂದ ಬಂದವರೇ ಬಹಳ. ಗುಡ್ಡದ ಮೇಲಿನ ಹೂವರ್ ಮನೆಯ ಜಗುಲಿಯಲ್ಲಿ ನಿಂತು ಕೆಳಗಿನ ಈ ಗೂಡುಗಳನ್ನು ನೋಡಿದಾಗ ಗಣಿ ಊರಿನ ಲೆಕ್ಕಾಚಾರ ಯಾರೂ ವಿವರಿಸದೆ ಅರ್ಥವಾಗುತ್ತದೆ. ಕೆಜಿಎಫ್‌ನ ಸಾಹೇಬರ ಬಂಗಲೆ ಮತ್ತು ಕೂಲಿ ಲೈನು ಎರಡನ್ನೂ ನೋಡಿದವರಿಗಂತೂ ಇನ್ನೂ ಬೇಗ.

ಪುಟ್ಟ ಗುಲಾಬಿ ಮನೆ 'ಲಿಟಲ್ ಪಿಂಕ್ ಕ್ಯಾಂಪ್', ಒಂಟಿ ಗಂಡಸರಿಗಾಗಿ ಇದ್ದ ಪ್ಯಾಟ್ರೋನಿಯ ವಸತಿಗೃಹ, ಮಾಝಾ ಅಂಗಡಿ, 1903ರಲ್ಲಿ ಸರ್ಕಾರವೇ ಕಟ್ಟಿಸಿದ ಸ್ಟೇಟ್ ಹೋಟೆಲ್, ಎಲ್ಲಾ ನಡೆದೇ ನೋಡಬಹುದು. ಗಣಿಯ ಕಡೆ ಹೋದರೆ ಶಾಫ್ಟಿನ ಬಾಯಿಯ ಮೇಲೆ, ಅದಿರು ಎತ್ತಲು ಕಟ್ಟಿದ, ಓರೆಯಾಗಿ ನಿಂತ ದೊಡ್ಡ ಮರದ ಅಟ್ಟಣೆ ಇದೆ. ಓರೆ ಯಾಕೆ ಅಂದರೆ ಇಲ್ಲಿನ ಅದಿರಿನ ಪಟ್ಟೆಯೇ ಭೂಮಿಯೊಳಗೆ ಓರೆಯಾಗಿ ಇಳಿದಿದೆ. ಶಾಫ್ಟನ್ನು ಅದರ ಜಾಡಿನಲ್ಲೇ ತೋಡಿದರು, ಮೇಲಿನ ಅಟ್ಟಣೆಯೂ ಅದೇ ವಾಲಿಗೆ ನಿಂತಿತು. 1897ರಿಂದ 1963ರವರೆಗೆ ಇಲ್ಲಿಂದ ತೆಗೆದ ಚಿನ್ನ 26 ಲಕ್ಷ ಔನ್ಸ್‌ಗೂ ಹೆಚ್ಚು.

ಕೊರತೆಗಳೂ ಇವೆ. ಪ್ರವಾಸಿಗರನ್ನು ಗಣಿಯೊಳಗೆ ಇಳಿಸುವುದಿಲ್ಲ. 1980ರ ದಶಕದಲ್ಲಿ ಗಣಿ ಮತ್ತೆ ಶುರುವಾಗಿ, ಈಗ ಒಂದೂವರೆ ಕಿಲೋಮೀಟರಿಗೂ ಆಳದಲ್ಲಿ ಕೆಲಸ ನಡೆಯುತ್ತಿದೆ. ಹಾಗಾಗಿ ಪೂರ್ತಿ ನಿಶ್ಶಬ್ದವಾದ ಪಾಳು ಊರು ಬಯಸಿದವರಿಗೆ ಪಕ್ಕದ ದೊಡ್ಡ ಗುಂಡಿ, ಯಂತ್ರದ ಸದ್ದು ಸ್ವಲ್ಪ ಇರುಸುಮುರುಸು. ನನಗೆ ಇದು ಇಷ್ಟವೇ ಆಯಿತು. ಊರು ಸತ್ತಿದ್ದಕ್ಕೆ ಚಿನ್ನ ಖಾಲಿಯಾದದ್ದೊಂದೇ ಕಾರಣವಲ್ಲ, ತೆಗೆಯುವ ಖರ್ಚಿಗೂ ಚಿನ್ನದ ಬೆಲೆಗೂ ತಾಳೆಯಾಗದೆ ಹೋದದ್ದು ಕಾರಣ ಅನ್ನುವುದು ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ.

ಮ್ಯೂಸಿಯಂ ಮತ್ತು ಊರು ನೋಡಲು ಟಿಕೆಟ್ಟಿಲ್ಲ, ದೇಣಿಗೆಯ ಡಬ್ಬಿ ಇರುತ್ತದೆ. ಹಾಕಿ. ಗೆದ್ದಲು, ತುಕ್ಕು, ಬಿಸಿಲಿನಿಂದ ಈ ಗೂಡುಗಳನ್ನು ಕಾಪಾಡುವುದು ಸುಮ್ನೆ ಆಗುವ ಕೆಲಸವಲ್ಲ. ಊಟ, ಪೆಟ್ರೋಲು, ಅಂಗಡಿಗೆ ನಾಲ್ಕು ಕಿಲೋಮೀಟರ್ ದೂರದ ಲಿಯೊನೊರಾಕ್ಕೆ ಹೋಗಬೇಕು.

ಕೂಲ್ಗಾರ್ಡಿ: ಪರ್ತ್‌ನವರಿಗೆ ಸುಲಭದ ದಾರಿ

ಗ್ವಾಲಿಯಾ ತೀರಾ ದೂರ ಅನ್ನಿಸಿದವರಿಗೆ ಇದು. ಪರ್ತ್‌ನಿಂದ ಸುಮಾರು 560 ಕಿಲೋಮೀಟರ್, ಕಲ್ಗೂರ್ಲಿಗೆ ಅರ್ಧ ಗಂಟೆ ಮುಂಚೆ ಸಿಗುತ್ತದೆ. ಕಾರು ಓಡಿಸುವ ಮನಸ್ಸಿಲ್ಲದಿದ್ದರೆ ಪರ್ತ್‌ನಿಂದ ಕಲ್ಗೂರ್ಲಿಗೆ 'ಪ್ರಾಸ್ಪೆಕ್ಟರ್' ರೈಲಿದೆ, ಹೆಚ್ಚೂ ಕಡಿಮೆ ಏಳು ಗಂಟೆಯ ಪ್ರಯಾಣ. ಕಲ್ಗೂರ್ಲಿಯಲ್ಲಿ ತಂಗಿ, ಅಲ್ಲಿ ಒಂದು ದಿನಕ್ಕೆ ಕಾರು ತೆಗೆದುಕೊಂಡು ಇಲ್ಲಿಗೆ ಬರಬಹುದು.

1892ರ ಸೆಪ್ಟೆಂಬರ್‌ನಲ್ಲಿ ಆರ್ಥರ್ ಬೇಯ್ಲಿ ಮತ್ತು ವಿಲಿಯಂ ಫೋರ್ಡ್ ಇಲ್ಲಿ ಚಿನ್ನ ಕಂಡರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಿನ್ನದ ಹುಚ್ಚು ದೊಡ್ಡದಾಗಿ ಹೊತ್ತಿಕೊಂಡದ್ದು ಇಲ್ಲಿಂದಲೇ. ಇಲ್ಲಿ ಉಳಿದಿರುವುದು ದೊಡ್ಡ ಕಲ್ಲಿನ ಕಟ್ಟಡಗಳು ಮತ್ತು ವಿಪರೀತ ಅಗಲದ ಬೀದಿ. ಒಂಟೆಗಳ ಸಾಲು ಬೀದಿಯಲ್ಲೇ ತಿರುಗಿಕೊಳ್ಳಲು ಅಷ್ಟು ಅಗಲ ಬೇಕಿತ್ತು. ಆ ಒಂಟೆ ನಡೆಸುತ್ತಿದ್ದವರನ್ನು ಎಲ್ಲರೂ ಅಫ್ಘಾನರು ಅಂತಲೇ ಕರೆದರು, ಆದರೆ ಅವರಲ್ಲಿ ಎಷ್ಟೋ ಜನ ಆಗಿನ ಬ್ರಿಟಿಷ್ ಇಂಡಿಯಾದ ಪಂಜಾಬ್, ಬಲೂಚಿಸ್ತಾನ, ಪೇಶಾವರದ ಕಡೆಯವರು. ನೀರು, ಹಿಟ್ಟು, ಯಂತ್ರ ಎಲ್ಲಾ ಇವರ ಒಂಟೆಗಳ ಬೆನ್ನ ಮೇಲೇ ಬರುತ್ತಿತ್ತು.

ನೀರಿನ ಕಥೆ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಿ.ವೈ. ಓಕಾನರ್ ಎಂಬ ಎಂಜಿನಿಯರ್ ಪರ್ತ್ ಪಕ್ಕದ ಮಂಡೇರಿಂಗ್ ಅಣೆಕಟ್ಟಿನಿಂದ 500ಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆ ಹಾಕಿಸಿದ. 1903ರಲ್ಲಿ ನೀರು ಬಂತು, ಅದನ್ನು ನೋಡಲು ಅವನೇ ಇರಲಿಲ್ಲ. ಹಿಂದಿನ ವರ್ಷ ಜೀವ ಕಳೆದುಕೊಂಡಿದ್ದ. ಪರ್ತ್‌ನಿಂದ ಬರುವಾಗ ರಸ್ತೆಯ ಪಕ್ಕದಲ್ಲೇ ಆ ಕೊಳವೆ ಗಂಟೆಗಟ್ಟಲೆ ನಿಮ್ಮ ಜೊತೆ ಓಡುತ್ತದೆ.

'ಕೂಲ್ಗಾರ್ಡಿ ಸೇಫ್' ಅನ್ನುವ ಪೆಟ್ಟಿಗೆಯನ್ನು ತಪ್ಪದೆ ನೋಡಿ. ಮರದ ಚೌಕಟ್ಟು, ನಾಲ್ಕೂ ಕಡೆ ಗೋಣಿತಟ್ಟು, ನೆತ್ತಿಯ ಮೇಲೆ ನೀರಿನ ತಟ್ಟೆ. ತಟ್ಟೆಯಿಂದ ಇಳಿಬಿಟ್ಟ ಬಟ್ಟೆಯ ಪಟ್ಟಿಗಳಲ್ಲಿ ನೀರು ಜಿನುಗಿ ಗೋಣಿ ಒದ್ದೆಯಾಗಿಯೇ ಇರುತ್ತದೆ, ಗಾಳಿ ಬೀಸಿದಾಗ ಒಳಗಿನ ಹಾಲು, ಬೆಣ್ಣೆ, ಮಾಂಸ ತಣ್ಣಗಿರುತ್ತವೆ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತುವ ನಮ್ಮ ಅಜ್ಜಿಯರ ಉಪಾಯವೇ ಇದು.

ಆದರೆ ಇದು ಪೂರ್ತಿ ಪಾಳು ಊರಲ್ಲ. ಜನ ಇದ್ದಾರೆ, ಹೆದ್ದಾರಿಯಲ್ಲಿ ಲಾರಿಗಳು ಹಾಯುತ್ತವೆ. ಗ್ವಾಲಿಯಾದಲ್ಲಿ ಆಗುವ ಅನುಭವ ಇಲ್ಲಿ ಆಗುವುದಿಲ್ಲ. ಅರ್ಧ ದಿನ ಸಾಕು.

ಆರ್ಲ್ಟುಂಗ: ದೇಶದ ನಟ್ಟನಡುವೆ

ಉಲುರು ನೋಡಲು ಆಲಿಸ್ ಸ್ಪ್ರಿಂಗ್ಸ್‌ಗೆ ಹೇಗೂ ಹೋಗುತ್ತೀರಿ ಅಂದರೆ ಮಾತ್ರ ಇದನ್ನು ಯೋಚಿಸಿ. ಆಲಿಸ್‌ನಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್, ಪೂರ್ವ ಅರೆರ್ನ್ಟೆ ಎಂಬ ಮೂಲನಿವಾಸಿಗಳ ನೆಲ. ಕೊನೆಯ ಭಾಗ ಮಣ್ಣುರಸ್ತೆ. ಎತ್ತರದ ಗಾಡಿ ಬೇಕು, ಮಳೆ ಬಿದ್ದರೆ ಹೋಗುವಂತಿಲ್ಲ.

1887ರಲ್ಲಿ ಒಣಗಿದ ಹಳ್ಳದ ಮರಳಿನಲ್ಲಿ ಚಿನ್ನ ಸಿಕ್ಕಿತು. ಮುಂದೆ 1891ರಲ್ಲಿ ರೈಲು ಬಂತು, ಅದೂ ದಕ್ಷಿಣದ ಊಡ್ನಡಟ್ಟಾ ಎಂಬ ಊರಿನವರೆಗೆ ಮಾತ್ರ. ಅಲ್ಲಿಂದ ಸುಮಾರು 600 ಕಿಲೋಮೀಟರನ್ನು ಎಷ್ಟೋ ಜನ ನಡೆದೇ ಬಂದರು. ಈಗ ಉಳಿದಿರುವುದು ಕಲ್ಲಿನ ಗೋಡೆಗಳು, ದುರಸ್ತಿ ಮಾಡಿದ ಪೊಲೀಸ್ ಠಾಣೆ ಮತ್ತು ಜೈಲು, ಅದಿರು ಕುಟ್ಟುತ್ತಿದ್ದ ಸರ್ಕಾರಿ ಕಾರ್ಖಾನೆಯ ಅವಶೇಷ. ಟಾರ್ಚ್ ಹಿಡಿದು ನೀವೇ ಇಳಿದು ನೋಡಬಹುದಾದ ಸಣ್ಣ ಗಣಿಗಳೂ ಇವೆ. ಯಾವುದು ತೆರೆದಿದೆ ಅಂತ ಅಲ್ಲೇ ಕೇಳಿಕೊಂಡು ಇಳಿಯಿರಿ. ಅಂಗಡಿ, ಮನೆ, ಹೋಟೆಲು ನೋಡುವ ಆಸೆಯಿದ್ದರೆ ಇಲ್ಲಿ ಸಿಗದು. ಮೌನ ಬೇಕಿದ್ದರೆ ಇದರಷ್ಟು ಮೌನ ಈ ಐದರಲ್ಲಿ ಇನ್ನೆಲ್ಲೂ ಇಲ್ಲ.

ವಾಲ್ಹಲ್ಲಾ: ಅಪ್ಪ ಅಮ್ಮ ಜೊತೆಗಿದ್ದರೆ

ನೇರವಾಗಿ ಹೇಳುತ್ತೇನೆ, ಇದು ಔಟ್‌ಬ್ಯಾಕ್, ಅಂದರೆ ಆಸ್ಟ್ರೇಲಿಯಾದ ಒಣ ಒಳನಾಡು ಅಲ್ಲ. ಮೆಲ್ಬರ್ನ್‌ನಿಂದ ಪೂರ್ವಕ್ಕೆ ಸುಮಾರು 180 ಕಿಲೋಮೀಟರ್, ಕಾಡು ತುಂಬಿದ ಇಕ್ಕಟ್ಟಾದ ಕಣಿವೆ. ಕೆಂಪು ಮಣ್ಣು, ಬಟ್ಟಬಯಲು ಇಲ್ಲಿಲ್ಲ, ಮಲೆನಾಡಿನ ಹಳ್ಳದ ದಂಡೆಯ ಊರಿನ ಹಾಗಿದೆ. ಆದರೂ ಪಟ್ಟಿಯಲ್ಲಿ ಸೇರಿಸಿದ್ದೇನೆ, ಯಾಕೆಂದರೆ ನಮ್ಮವರಲ್ಲಿ ಬಹಳ ಜನರಿಗೆ ಕೊನೆಗೆ ಹೊಂದುವುದು ಇದೇ.

1862ರ ಕೊನೆಯ ಹೊತ್ತಿಗೆ ಇಲ್ಲಿ ಚಿನ್ನ ಸಿಕ್ಕಿತು. ರೈಲಿಗಾಗಿ ಊರಿನವರು ವರ್ಷಗಟ್ಟಲೆ ಕಾದರು. ರೈಲು ಬಂದದ್ದು 1910ರಲ್ಲಿ, ದೊಡ್ಡ ಗಣಿ ಮುಚ್ಚಿದ್ದು 1914ರಲ್ಲಿ. ಊರಿಗೆ ಕರೆಂಟಿನ ಲೈನು ಬಂದದ್ದು 1998ರಲ್ಲಿ ಅಂದರೆ ನಂಬುತ್ತೀರಾ? ನಮ್ಮ ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ.

ಇಲ್ಲಿನ ಅನುಕೂಲ, ಗಣಿಯೊಳಗೆ ಮಾರ್ಗದರ್ಶಿಯ ಜೊತೆ ಹೋಗಬಹುದು. 'ಲಾಂಗ್ ಟನಲ್ ಎಕ್ಸ್‌ಟೆಂಡೆಡ್' ಗಣಿಯ ಸುರಂಗ ಅಡ್ಡಲಾಗಿ ಬೆಟ್ಟದೊಳಗೆ ಹೋಗುತ್ತದೆ, ಲಿಫ್ಟು, ಏಣಿ ಹತ್ತಿಳಿಯುವ ಕಷ್ಟವಿಲ್ಲ. ಒಳಗೆ ಬಂಡೆ ಕೊರೆದು ಮಾಡಿದ ಯಂತ್ರದ ಕೋಣೆಯ ಎತ್ತರ ನೋಡಿದರೆ ಮಾತು ನಿಲ್ಲುತ್ತದೆ. ಮತ್ತೆ ಕಟ್ಟಿದ ಪುಟ್ಟ ರೈಲು ಕಣಿವೆಯ ಸೇತುವೆಗಳ ಮೇಲೆ ಓಡುತ್ತದೆ, ಮಕ್ಕಳಿಗೆ ಹಬ್ಬ. ಆದರೆ ದಿನಾ ಓಡುವುದಿಲ್ಲ, ದಿನ ನೋಡಿಕೊಂಡು ಹೊರಡಿ. ಸ್ಮಶಾನ ಕಡಿದಾದ ಇಳಿಜಾರಿನಲ್ಲಿದೆ, ಹಿರಿಯರನ್ನು ಅಲ್ಲಿಗೆ ಹತ್ತಿಸಬೇಡಿ.

ಕೆಲವು ಕಟ್ಟಡಗಳು ಹಳೆಯವೇ, ಕೆಲವು ಹಳೆಯ ರೂಪದಲ್ಲಿ ಹೊಸದಾಗಿ ಕಟ್ಟಿದವು. ಅಸಲು ಮಾತ್ರ ಬೇಕು ಅನ್ನುವವರಿಗೆ ಇದು ಅಷ್ಟಾಗಿ ಹಿಡಿಸದು. ಗಣಿ ಮತ್ತು ರೈಲು ಎರಡಕ್ಕೂ ಟಿಕೆಟ್ಟಿದೆ, ಆದರೂ ಮೆಲ್ಬರ್ನ್‌ನಿಂದ ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದಾದ್ದರಿಂದ ಒಟ್ಟು ಖರ್ಚು ಕಡಿಮೆಯೇ.

ಹಿಲ್ ಎಂಡ್: ಫೋಟೋಗಳಲ್ಲಿ ಬದುಕಿರುವ ಊರು

ಸಿಡ್ನಿಯವರಿಗೆ. ಬಾಥರ್ಸ್ಟ್ ದಾಟಿ ಇನ್ನೂ 75 ಕಿಲೋಮೀಟರ್‌ನಷ್ಟು ಬೆಟ್ಟದ ದಾರಿ, ಸಿಡ್ನಿಯಿಂದ ನಾಲ್ಕು ಗಂಟೆಗೂ ಜಾಸ್ತಿ. ಒಂದು ರಾತ್ರಿ ತಂಗಬೇಕು. ಇದು ವಿರಾಜುರಿ ಮೂಲನಿವಾಸಿಗಳ ನೆಲ.

1872ರ ಅಕ್ಟೋಬರ್‌ನಲ್ಲಿ ಇಲ್ಲಿ 'ಸ್ಟಾರ್ ಆಫ್ ಹೋಪ್' ಗಣಿಯಿಂದ 286 ಕಿಲೋ ತೂಕದ ಚಿನ್ನ ಬೆರೆತ ಬಂಡೆ ಹೊರಗೆ ಬಂತು. ಗಣಿಯ ಪಾಲುದಾರ ಹೋಲ್ಟರ್ಮನ್ ಆ ದುಡ್ಡಿನಲ್ಲಿ ಒಂದು ಭಾಗವನ್ನು ಫೋಟೋ ತೆಗೆಸಲು ಖರ್ಚು ಮಾಡಿದ. ಮರ್ಲಿನ್ ಮತ್ತು ಬೇಲಿಸ್ ಎಂಬ ಫೋಟೋಗ್ರಾಫರುಗಳು ಊರಿನ ಒಂದೊಂದು ಅಂಗಡಿ, ಒಂದೊಂದು ಮನೆಯ ಮುಂದೂ ಜನರನ್ನು ನಿಲ್ಲಿಸಿ ಚಿತ್ರ ತೆಗೆದಿದ್ದರು. ಸುಮಾರು 3,500 ಗಾಜಿನ ನೆಗೆಟಿವ್‌ಗಳು 1951ರಲ್ಲಿ ಸಿಡ್ನಿಯ ಒಂದು ಹಿತ್ತಲ ಕೊಟ್ಟಿಗೆಯಲ್ಲಿ ಸಿಕ್ಕವು. ಈಗ ಹಿಲ್ ಎಂಡ್‌ನ ಖಾಲಿ ನಿವೇಶನಗಳ ಮುಂದೆ ಆ ಫೋಟೋಗಳನ್ನು ಹಾಕಿದ್ದಾರೆ. ಹುಲ್ಲು ಬೆಳೆದ ಖಾಲಿ ಜಾಗ, ಅದರ ಮುಂದೆ ಅದೇ ಜಾಗದಲ್ಲಿದ್ದ ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ನಿಂತ ಮನುಷ್ಯ. ಹಿಂದೆ ಕಾಂಗರೂ ಮೇಯುತ್ತಿರುತ್ತದೆ. ಕ್ಯಾಮೆರಾ ಹಿಡಿದವರು, ಚರಿತ್ರೆ ಓದುವವರು ಬೇರೆ ಊರು ಹುಡುಕಬೇಕಿಲ್ಲ. ಸುಮ್ಮನೆ ಕಟ್ಟಡ ನೋಡಲು ಬಂದವರಿಗೆ ಮಾತ್ರ ಖಾಲಿ ಖಾಲಿ ಅನ್ನಿಸಬಹುದು.

ಹಾಗಾದರೆ ಯಾವುದು?

ಒಂದೇ ಊರು ನೋಡುವುದು, ನಾಲ್ಕು ದಿನ ಕೈಯಲ್ಲಿದೆ, ಪರ್ತ್‌ಗೆ ಇಳಿಯುತ್ತಿದ್ದೀರಿ ಅಂದರೆ ಯೋಚನೆಯೇ ಬೇಡ, ಗ್ವಾಲಿಯಾ. ಮೊದಲ ದಿನ ಕೂಲ್ಗಾರ್ಡಿ ನೋಡಿ ಕಲ್ಗೂರ್ಲಿಯಲ್ಲಿ ಮಲಗಿ. ಎರಡನೆಯ ದಿನ ಗ್ವಾಲಿಯಾ, ರಾತ್ರಿ ಅಲ್ಲೇ ಅಥವಾ ಲಿಯೊನೊರಾದಲ್ಲಿ. ಮೂರನೆಯ ದಿನ ಬೆಳಿಗ್ಗೆ ಎಳೆಬಿಸಿಲಲ್ಲಿ ಇನ್ನೊಮ್ಮೆ ಮನೆಗಳನ್ನು ನೋಡಿ ಕಲ್ಗೂರ್ಲಿಗೆ ವಾಪಸ್, ನಾಲ್ಕನೆಯ ದಿನ ಪರ್ತ್. ಎರಡೇ ದಿನ ಇದ್ದರೆ ಕೂಲ್ಗಾರ್ಡಿ, ಕಲ್ಗೂರ್ಲಿಗೆ ನಿಲ್ಲಿಸಿ. ಗ್ವಾಲಿಯಾವನ್ನು ಓಡೋಡಿ ನೋಡುವುದರಲ್ಲಿ ಅರ್ಥವಿಲ್ಲ.

ಮೆಲ್ಬರ್ನ್‌ನಲ್ಲಿದ್ದು, ಒಂದೇ ದಿನ, ಹಿರಿಯರು ಮತ್ತು ಮಕ್ಕಳು ಜೊತೆಗಿದ್ದರೆ ವಾಲ್ಹಲ್ಲಾ. ಸಿಡ್ನಿ ವಾರಾಂತ್ಯಕ್ಕೆ ಹಿಲ್ ಎಂಡ್. ಆರ್ಲ್ಟುಂಗಕ್ಕಾಗಿಯೇ ವಿಮಾನದ ಟಿಕೆಟ್ ತೆಗೆಯಬೇಡಿ. ಬಜೆಟ್ ತೀರಾ ಬಿಗಿಯಾಗಿದ್ದರೆ ನಿಮಗೆ ಹತ್ತಿರದ್ದೇ ಒಳ್ಳೆಯದು. ನಾಲ್ಕು ಜನ ಸೇರಿ ಒಂದು ಕಾರು ಹಂಚಿಕೊಂಡರೆ ಗ್ವಾಲಿಯಾ ಕೂಡ ಕೈಗೆಟುಕುತ್ತದೆ.

ಒಳನಾಡಿನ ಮೂರೂ ಊರಿಗೆ ಮೇ ತಿಂಗಳಿಂದ ಸೆಪ್ಟೆಂಬರ್ ಸರಿಯಾದ ಕಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಸ್ವೆಟರ್ ಬೇಕೇ ಬೇಕು, ಆಲಿಸ್ ಕಡೆ ಜುಲೈ ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಹೊತ್ತು ಮುಳುಗುವಾಗ ಕಾಂಗರೂಗಳು ರಸ್ತೆಗೆ ಬರುತ್ತವೆ, ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ. ಮೂರು ನಾಲ್ಕು ಬೋಗಿಯ ರೋಡ್ ಟ್ರೇನ್ ಲಾರಿಗಳನ್ನು ಅವಸರದಲ್ಲಿ ಹಿಂದೆ ಹಾಕಲು ಹೋಗಬೇಡಿ. ಬಾಡಿಗೆ ಕಾರಿನ ಒಪ್ಪಂದದಲ್ಲಿ ಮಣ್ಣುರಸ್ತೆ ಮತ್ತು ರಾತ್ರಿ ಓಡಾಟದ ಬಗ್ಗೆ ಏನಿದೆ ಅಂತ ಸಹಿ ಹಾಕುವ ಮುಂಚೆಯೇ ಕೇಳಿ. ನಾನು ಒಮ್ಮೆ ಕೇಳದೆ ಹೊರಟು, ಅರ್ಧ ದಾರಿಯಲ್ಲಿ ಓದಿ ನೋಡಿದಾಗ ಆ ರಸ್ತೆಗೆ ವಿಮೆಯೇ ಇಲ್ಲ ಅಂತ ಗೊತ್ತಾಗಿ, ಇಡೀ ದಿನ ಕಳೆದುಕೊಂಡು ವಾಪಸ್ ಬಂದಿದ್ದೆ.

ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೊರಡಿ. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ನಿಮಗೆ ಸಿಗುವುದು ಬಹುತೇಕ ಆಲೂ ಚಿಪ್ಸ್. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಲೆಕ್ಕದಲ್ಲಿ ನೀರು ಕಾರಿನಲ್ಲಿರಲಿ, ನೊಣ ತಡೆಯುವ ಬಲೆಯ ಟೋಪಿಯೂ ಇರಲಿ. ಊರುಗಳ ಮಧ್ಯೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಬೇಲಿಯಿಲ್ಲದ ಹಳೆಯ ಶಾಫ್ಟುಗಳು ಪೊದೆಯ ಮರೆಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ, ಮಕ್ಕಳ ಕೈ ಬಿಡಬೇಡಿ. ಮತ್ತೆ ಗ್ವಾಲಿಯಾದ ಮನೆಗಳಲ್ಲಿ ಮೇಜಿನ ಮೇಲೆ ತುಕ್ಕು ಹಿಡಿದ ಡಬ್ಬಿಯೋ, ಚಮಚವೋ ಕಾಣಿಸುತ್ತದೆ. ನೆನಪಿಗೆ ಇರಲಿ ಅಂತ ಎತ್ತಿಕೊಳ್ಳುವ ಮನಸ್ಸಾದರೂ ಅದು ಅಲ್ಲೇ ಇರಲಿ.